ಚಾಂಪಿಯನ್ ಕುದುರೆಯ ಸುಳಿ

ನಾನು ಚಿಕ್ಕವನಿದ್ದಾಗ, ಅಂದರೆ ಅಪ್ಪನ ಸೊಂಟದೆತ್ತರ ಇದ್ದ ಎಪ್ಪತ್ತರ ದಶಕದಲ್ಲಿ, ನಾವು ಒಮಾನಿನ ಅಲ್ ಹೈಲ್‌ನಲ್ಲಿದ್ದೆವು. ಅಪ್ಪ ಅಲ್ಲಿನ ಕುದುರೆ ಲಾಯವೊಂದರ ಗುಮಾಸ್ತ. ಲಾಯದ ಯಜಮಾನರೇ ನಮ್ಮ ಕಫೀಲ್. ಅವರ ಸಹಿ ಇದ್ದರೆ ನಮ್ಮ ವೀಸಾ. ಅವರಿಗೆ ಇಂಗ್ಲಿಷ್ ಬಾರದು. ಕಾಗದ ಓದಿ ಹೇಳುವುದು ಅಪ್ಪನ ಕೆಲಸ.

ಒಂದು ಶುಕ್ರವಾರ ಬೆಳಿಗ್ಗೆ ವ್ಯಾಪಾರಿಯೊಬ್ಬ ಕಂದು ಕುದುರೆ ತಂದ. ಬೇಲಿ ಹಾರುವ ರೇಸಿನಲ್ಲಿ ಮೂರು ವರ್ಷ ಸತತ ಚಾಂಪಿಯನ್, ನಾಲ್ಕನೇ ವರ್ಷ ಕೆಸರಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟು, ಆಮೇಲೆ ಓಡಿಲ್ಲ ಎಂದು ಕಾಗದದಲ್ಲಿತ್ತು. ಯಜಮಾನರ ಕಣ್ಣು ಹೊಳೆಯಿತು. ಅಪ್ಪ ಹೂಂ ಎಂದು, ನಾಳೆ ಅದು ಬೇರೆ ಕುದುರೆ ಎಂದು ಗೊತ್ತಾದರೆ, ನಾವು ಊರಿಗೆ ಗಂಟುಮೂಟೆ ಕಟ್ಟಬೇಕಿತ್ತು.

ಹಸಿ ಹುಲ್ಲು, ಲದ್ದಿ, ಬೆವರಿದ ತೊಗಲಿನ ವಾಸನೆ. ಅಕ್ಕನೂ ನಾನೂ ಕಟಕಟೆಗೆ ಒರಗಿ ನೋಡುತ್ತಿದ್ದೆವು. ಮೊಣಕಾಲಲ್ಲಿ ಗಾಯದ ಕಲೆ ಇತ್ತು. ಆದರೂ ಅಪ್ಪ ತಲೆಯಾಡಿಸಲಿಲ್ಲ. ಗಾಯ ಯಾವ ಕುದುರೆಗೂ ಆಗುತ್ತದೆ, ಹುಟ್ಟಿನ ಸುಳಿ ಹಾಗಲ್ಲ. ಕಾಗದದಲ್ಲಿದ್ದ ಕುದುರೆಯ ಚಿತ್ರದಲ್ಲಿ ಕತ್ತಿನ ಎಡಬದಿಯ ನಡುವೆ ಸುಳಿಯ ಗುರುತಿತ್ತು. ಕುದುರೆಯ ಕತ್ತಿನಲ್ಲಿ ಸರಿಯಾಗಿ ಅಲ್ಲೇ ಅಂಗೈಯಗಲ ಕೂದಲು ಕತ್ತರಿಸಿದ್ದರು!

“ಹುಣ್ಣಾಗಿತ್ತು ಸಾಬ್, ಮದ್ದು ಹಚ್ಚಲು ಕತ್ತರಿಸಿದ್ದು. ಯಲ್ಲಾ, ಬೇಗ ಹೇಳಿ, ಬೇರೆ ಗಿರಾಕಿ ಕಾಯ್ತಿದ್ದಾರೆ,” ಎಂದ ವ್ಯಾಪಾರಿ.

ಅವಸರ ಮಾಡುವವನ ಎದುರು ಅಪ್ಪ ಇನ್ನೂ ನಿಧಾನ. ನನ್ನತ್ತ ತಿರುಗಿದರು. “ಮಗಾ, ಟೊಪ್ಪಿ ತೆಗಿ.”

ನನಗೆ ಅಳುವೇ ಬಂತು. ಹೇನಿನ ಕಾಟಕ್ಕೆ ಹಿಂದಿನ ವಾರವಷ್ಟೇ ತಲೆ ಬೋಳಿಸಿದ್ದರು. “ಎರಡು ಸುಳಿ, ಎರಡು ಮದುವೆ! ತೋರಿಸು ಮಾರಾಯ, ನಾಚಿಕೆ ಎಂಥದು?” ಎಂದು ಅಕ್ಕ ಕಿಸಕ್ಕೆಂದಳು. ಮೋಟು ಕೂದಲಲ್ಲಿ ನನ್ನ ಎರಡೂ ಸುಳಿಗಳು ಎದ್ದು ಕಾಣುತ್ತಿದ್ದವು. ಕೂದಲು ಕತ್ತರಿಸಿದರೂ ಸುಳಿ ಹೋಗದು ಎಂದು ಅಪ್ಪ ಯಜಮಾನರಿಗೆ ತೋರಿಸಿದರು. ಆಮೇಲೆ ಕುದುರೆಯ ಕತ್ತಿಗೆ ನೀರು ಸವರಿದರು. ಮೋಟು ಕೂದಲೆಲ್ಲ ಒಂದೇ ದಿಕ್ಕಿಗೆ ಮಲಗಿತ್ತು. ಸುಳಿಯೂ ಇರಲಿಲ್ಲ, ಹುಣ್ಣಿನ ಕಲೆಯೂ ಇರಲಿಲ್ಲ.

“ಖಲಾಸ್,” ಎಂದರು ಯಜಮಾನರು. ವ್ಯಾಪಾರಿ ಕುದುರೆಯ ಹಗ್ಗ ಬಿಚ್ಚಿಕೊಂಡ.

ಮನೆಗೆ ಬರುವಾಗ ಅಪ್ಪನ ಮುಖದಲ್ಲಿ ಗೆಲುವಿರಲಿಲ್ಲ. “ಕಾಗದ ಇಲ್ಲಿಗೆ ಬಂತು. ಗೆದ್ದ ಕುದುರೆ ಎಲ್ಲಿಗೆ ಹೋಯ್ತೋ, ಪಾಪ,” ಎಂದರು.

ಮಕ್ಕಳೇ, ನೀವು ಫೋನಿನಲ್ಲಿ ಫೋಟೋ ನೋಡಿ ಹಳೇ ಸೈಕಲ್ಲನ್ನೂ ತರಿಸುತ್ತೀರಿ. ತರಿಸಿ. ಆದರೆ ಹೊಸದಾಗಿ ಬಣ್ಣ ಬಳಿದ ಜಾಗವನ್ನೇ ಮೊದಲು ಮುಟ್ಟಿ ನೋಡಿ. ನನ್ನ ಈ ಮಾತನ್ನೂ ಸುಮ್ಮನೆ ನಂಬಬೇಡಿ. ಸುಳಿ ತೋರಿಸಲು ನನ್ನ ತಲೆಯಲ್ಲಿ ಈಗ ಕೂದಲೇ ಇಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಿ, ಎರಡಿದ್ದವು ಎನ್ನುತ್ತಾಳೆ. ಮದುವೆ ಒಂದೇ ಆದದ್ದಕ್ಕೆ ನಿಮ್ಮ ಅಜ್ಜಿಯೇ ಸಾಕ್ಷಿ.