ಮೇಜಿನ ಕೆಳಗಿನ ಬೇಸಿಕ್

ಹೊಲಿಗೆ ಯಂತ್ರ ಕೊಂಡವರು ದಾರವನ್ನು ಬೇರೆ ತರಬೇಕಾಗುತ್ತದೆ, ನಿಜ. ಆದರೆ ಯಾವ ದಾರವೂ ಯಾವ ಯಂತ್ರದ ಮೇಲೂ ಹಗೆ ಸಾಧಿಸಿದ್ದನ್ನು ನಾನು ಕಂಡಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಹಾನಗಲ್ಲಿನ ನಮ್ಮ ಹೈಸ್ಕೂಲಿಗೆ ಕಂಪ್ಯೂಟರು ಬಂದಾಗ, ಗಣಿತದ ಮಾಸ್ತರನಾದ ನಾನು ಅದರಿಂದಲೂ ಇಂಥದೇ ಸೌಜನ್ಯವನ್ನು ನಿರೀಕ್ಷಿಸಿದ್ದೆ.

ಸವಣೂರಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಗೆಳೆಯ ರಾಜೇಸಾಬನ ಶಾಲೆಯಲ್ಲಿ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರೊಂದಿತ್ತು. ಸ್ವಿಚ್ ಹಾಕಿದರೆ ಸಾಕು, ಕಂಪ್ಯೂಟರಿಗೆ ಆಜ್ಞೆ ಕೊಡುವ ಬೇಸಿಕ್ ಎಂಬ ಭಾಷೆ ಅದರ ಹೊಟ್ಟೆಯಲ್ಲೇ ಎಚ್ಚರಾಗುತ್ತಿತ್ತು. ಅದರೆದುರು ಒಂದು ಬೇಸಿಗೆ ರಜೆ ಕಳೆದ ಮಾತ್ರಕ್ಕೆ ನಾನು ಸರ್ವಯಂತ್ರವಿಶಾರದನೆಂದು ಊರಿಗೆಲ್ಲ ನಂಬಿಸಿದ್ದೆ. ನಮ್ಮ ದೊಡ್ಡ ಯಂತ್ರವೋ, ತನ್ನನ್ನು ನಡೆಸುವ ಡಾಸ್ ಎಂಬ ಕಾರ್ಯವ್ಯವಸ್ಥೆಯ ಫ್ಲಾಪಿಯನ್ನು ನುಂಗಿ ಎದ್ದು ಕುಳಿತು, ಏನು ಬರೆದರೂ ತಪ್ಪು ಆಜ್ಞೆಯೆಂದು ಇಂಗ್ಲಿಷಿನಲ್ಲಿ ಗದರುತ್ತಿತ್ತು. ಬೇಸಿಕ್ ಇನ್ನೊಂದು ಫ್ಲಾಪಿಯಲ್ಲಿ ಬರಬೇಕಂತೆ. ಯಂತ್ರ ದಾನ ಕೊಟ್ಟವರು ಅದನ್ನು ಕಳಿಸಲು ಮರೆತಿದ್ದರು.

ಉದ್ಘಾಟನೆಯ ಆಮಂತ್ರಣ ಹಂಚಿಯಾಗಿತ್ತು. ಹಿರೇಕೆರೂರಿನ ಕಾಲೇಜಿನಲ್ಲಿ ಬೇಸಿಕ್ ಇದೆಯೆಂದು ಕೇಳಿ ಬಸ್ಸು ಹತ್ತಿದೆ. ಫ್ಲಾಪಿಯನ್ನು ಊಟದ ಡಬ್ಬಿಯಲ್ಲಿಟ್ಟು, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಅದು ನಮ್ಮ ಯಂತ್ರದ ಬಾಯಿಗೆ ಹೊಂದಿತು, ಮನಸ್ಸಿಗೆ ಹೊಂದಲಿಲ್ಲ. ಅವರದು ಬೇರೆಯೇ ಕಾರ್ಯವ್ಯವಸ್ಥೆ. ಅದೇ ಅಳತೆಯ ಫ್ಲಾಪಿ, ಅದೇ ಹೆಸರಿನ ಭಾಷೆ. ಆದರೂ ಮಡಿಯುಟ್ಟ ನಮ್ಮ ಸೋದರತ್ತೆ ನನ್ನನ್ನು ದೂರ ಸರಿಸುತ್ತಿದ್ದ ನಿಷ್ಠುರತೆಯಲ್ಲೇ ಯಂತ್ರ ಅದನ್ನು ತಿರಸ್ಕರಿಸಿತು.

ಉದ್ಘಾಟನೆಯ ಮುಂಜಾನೆ ರಾಜೇಸಾಬ್ ತನ್ನ ಪುಟ್ಟ ಯಂತ್ರವನ್ನು ಚಾದರದಲ್ಲಿ ಸುತ್ತಿಕೊಂಡು ಬಂದ.

“ಅಂಜಬ್ಯಾಡ್ರಿ ಆಚಾರ್ರ. ಮೇಜಿನ ಮ್ಯಾಲ ನಿಮ್ಮ ಮಷೀನು, ಕೆಳಗ ನಾನು, ನನ್ನ ಬೇಸಿಕ್ಕು.”

“ಸಿಕ್ಕಬಿದ್ರ ನನ್ನ ನೌಕರಿ ಹೋಗ್ತದಲ್ಲೋ!”

“ಅದು ಹೆಂಗೂ ಹೋಗಾಕತ್ತೈತಿ.”

ಮೇಜಿಗೆ ನೆಲ ಮುಟ್ಟುವ ಬಟ್ಟೆ ಹೊದಿಸಿ, ಕೆಳಗಿನ ಪುಟ್ಟ ಯಂತ್ರದ ತಂತಿಯನ್ನು ಮೇಜಿನ ಪಕ್ಕ ತಂದಿಟ್ಟ ಟಿವಿಗೆ ಗುಟ್ಟಾಗಿ ಜೋಡಿಸಿದೆವು. ಆಡಳಿತ ಮಂಡಳಿಯ ಅಧ್ಯಕ್ಷರು ದೊಡ್ಡ ಯಂತ್ರಕ್ಕೆ ಕುಂಕುಮ ಹಚ್ಚಿ ಗುಂಡಿ ಒತ್ತಿದರು. ಪಕ್ಕದ ಟಿವಿಯ ಮೇಲೆ ‘ವೆಲ್‌ಕಮ್’ ಮೂಡಿತು. ಚಪ್ಪಾಳೆಯ ನಡುವೆ ನಾನಿನ್ನೂ ಉಸಿರು ಬಿಟ್ಟಿರಲಿಲ್ಲ, ಅವರಿಗೆ ತಮ್ಮ ಹೆಸರು ಬರೆಯುವ ಆಸೆಯಾಯಿತು.

“ಗುರುಲಿಂಗಪ್ಪ ಅಂತ ಬರೀಲೇನ್ರಿ?” ಎಂದು ಜೋರಾಗಿ ಕೇಳಿ, ಒಂದೇ ಬೆರಳಿನಿಂದ ಸಿಕ್ಕ ಸಿಕ್ಕ ಗುಂಡಿಗಳನ್ನು ಕುಟ್ಟಿದರು. ಟಿವಿಯ ಮೇಲೆ ಹೆಸರು ಒಂದಕ್ಷರ ತಪ್ಪದೆ, ಮೊದಲಿಗೊಂದು ‘ಶ್ರೀ’ ಸಮೇತ ಬಂತು.

“ನಾ ತಪ್ಪು ಒತ್ತಿದ್ರೂ ಬರೋಬ್ಬರಿ ಬರದೈತಲ್ರೀ! ಮ್ಯಾಲ ಶ್ರೀನೂ ಹಚ್ಚೈತಿ!”

ಹಿಗ್ಗಿದ ಅಧ್ಯಕ್ಷರು ವಿಜ್ಞಾನದ ಮಹಿಮೆಯನ್ನು ಕುರಿತು ದೀರ್ಘವಾಗಿ ಮಾತನಾಡಿದರು. ವಿಜ್ಞಾನವು ಅಷ್ಟೂ ಹೊತ್ತು ಮೊಣಕಾಲು ಮಡಚಿ ಕೆಳಗೆ ಕುಳಿತಿತ್ತು. ಜನ ಚದುರಿದ ಮೇಲೆ ರಾಜೇಸಾಬನನ್ನು ಎಳೆದು ನಿಲ್ಲಿಸಬೇಕಾಯಿತು.

ಮಳೆಗಾಲದಲ್ಲಿ ನಿಜವಾದ ಬೇಸಿಕ್ ಬಂತು. ಇಬ್ಬರೂ ಕೂಡಿ ಶಾಸ್ತ್ರೋಕ್ತವಾಗಿ ಪ್ರತಿಷ್ಠಾಪಿಸಿದೆವು. ಕೆಳಗೆ ಯಾರೂ ಇಲ್ಲದೆ ಯಂತ್ರ ತಾನೇ ಮಗ್ಗಿ ಬರೆದಾಗ ನನ್ನ ಕಣ್ಣು ತುಂಬಿತು. ಆ ಉತ್ಸಾಹದಲ್ಲೇ ಅಧ್ಯಕ್ಷರನ್ನು ಕರೆಸಿದೆ. ಅವರು ಮೊದಲಿನಂತೆಯೇ ಕುಟ್ಟಿದರು. ‘ಸಿಂಟ್ಯಾಕ್ಸ್ ಎರರ್’ ಎಂದಿತು ಯಂತ್ರ.

“ಏನ್ ಅನ್ನಾಕತ್ತೈತ್ರಿ ಇದು?”

“ತಾವು ತಪ್ಪು ಒತ್ತೀರಿ ಅಂತದರಿ.”

ಅಧ್ಯಕ್ಷರ ಮುಖ ಗಂಟಿಕ್ಕಿತು. “ಛಲೋ ಇದ್ದದ್ದನ್ನ ಕೆಡಿಸಿಬಿಟ್ರಲ್ರೀ ಆಚಾರ್ರ. ಮದಲಿಂದು ಭಾಳ ಶಾಣ್ಯಾ ಇತ್ತು. ಇದನ್ನ ತಗದು ಅದನ್ನ ಹಾಕ್ರಿ.”

ಬಾಗಿಲ ಬಳಿ ನಿಂತಿದ್ದ ರಾಜೇಸಾಬ್ ಮೆಲ್ಲಗೆ ತನ್ನ ಮೊಣಕಾಲು ಸವರಿಕೊಂಡ.