ಹುಣಸೆಹಣ್ಣಿನಲ್ಲಿ ಬೆಳಗಿದ ದಿನೆರ್‌ಗಳು

ಮಾರ್ತಾ ಆಂಟಿಯ ನಾಣ್ಯಗಳನ್ನು ಹಾಳು ಮಾಡಿದವಳು ನೀನಲ್ಲ, ಮೀರಾ. ನಾನು. ನಿನಗದು ಗೊತ್ತೇ ಇದೆ — ನಿನ್ನ ಅಮ್ಮನ ಬಾಯಿಂದ ಬರಬೇಕಿತ್ತು, ಅಷ್ಟೇ. ಇಷ್ಟು ವರ್ಷ ಬರಲಿಲ್ಲ. ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಐರ್ಲೆಂಡಿನ ಈ ಅತ್ಲೋನ್‌ನಲ್ಲಿ ಆಗ ಲಾಕ್‌ಡೌನ್. ನಿನಗೆ ಒಂಬತ್ತು ವರ್ಷ, ಶಾಲೆ ಮುಚ್ಚಿತ್ತು. ಬಾರ್ಸಿಲೋನಾ ಕಡೆಯ ಮಾರ್ತಾ ಪಕ್ಕದ ಮನೆಯ ಬೇಲಿಯಾಚೆ ನಿಂತು ತಮ್ಮ ನಾಡಿನ ಹಳೆಯ ನಾಣ್ಯಗಳ ಲೆಕ್ಕ ಹೇಳಿಕೊಡುತ್ತಿದ್ದರು. ಎರಡು ಒಬೊಲ್ ಸೇರಿದರೆ ಒಂದು ದಿನೆರ್, ಹನ್ನೆರಡು ದಿನೆರ್‌ಗೆ ಒಂದು ಸೌ. ಕ್ರುವಾತ್ ಎಂಬ ಬೆಳ್ಳಿ ನಾಣ್ಯಕ್ಕೆ ಮೊದಲು ಹನ್ನೆರಡು ದಿನೆರ್ ಸಾಕಿತ್ತಂತೆ. ದಿನೆರ್‌ನಲ್ಲಿ ಬೆಳ್ಳಿ ಕಡಿಮೆಯಾಗುತ್ತಾ ಹೋದಂತೆ ಹದಿನೆಂಟು ಬೇಕಾಯಿತು, ಆಮೇಲೆ ಇಪ್ಪತ್ನಾಲ್ಕು. ನೀನು ಊಟಕ್ಕೆ ಕೂತರೆ ಚಪಾತಿಯ ಬೆಲೆಯನ್ನೂ ದಿನೆರ್‌ನಲ್ಲೇ ಹೇಳುತ್ತಿದ್ದೆ.

ಅವರ ಅಪ್ಪ ಬಿಟ್ಟುಹೋದ ನಾಣ್ಯಗಳ ಡಬ್ಬಿಯನ್ನೇ ನಿನಗೆ ನೋಡಲು ಕೊಟ್ಟರು. ಹಾಲಿನ ಕ್ಯಾನನ್ನೂ ತೊಳೆಯದೆ ಒಳಗೆ ತರದ ದಿನಗಳು. ನೀನು ಆನ್‌ಲೈನ್ ಕ್ಲಾಸಿನಲ್ಲಿದ್ದಾಗ ನಾನು ಅವನ್ನು ಸಿಂಕಿಗೆ ಸುರಿದೆ. ಸೋಪು ಸಾಕಿತ್ತು. ಆದರೆ ಆ ದಿನೆರ್‌ಗಳ ಕಪ್ಪು ಕಂಡು — ನಮ್ಮಮ್ಮ ದೇವರ ತಂಬಿಗೆ ಬೆಳಗುತ್ತಿದ್ದ ಹಾಗೆ — ಹುಣಸೆಹಣ್ಣು, ಉಪ್ಪು, ಪಾತ್ರೆ ಉಜ್ಜುವ ಸ್ಟೀಲಿನ ನಾರು. ಫಳಫಳ ಹೊಳೆದವು. ಅವುಗಳ ಮೇಲಿದ್ದ ರಾಜನ ಮುಖ ಅಳಿಸಿಹೋಗಿತ್ತು.

ಡಬ್ಬಿ ತೆರೆದ ಮಾರ್ತಾ ಒಂದೊಂದೇ ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಯಾರು ತೊಳೆದರು ಎಂದು ಕೇಳಿದರು. ಮಗಳು ಆಟಕ್ಕೆಂದು ತೊಳೆದುಬಿಟ್ಟಳು ಅಂದೆ ನಾನು. ಎಷ್ಟು ಸಲೀಸಾಗಿ — ನಾಲಿಗೆ ತಡವರಿಸಲೂ ಇಲ್ಲ.

“ಮಾಮ್, ಐ ಡಿಡ್ನ್ಟ್,” ಅಂದೆ ನೀನು.

“ಸುಮ್ನಿರು. ಆಂಟಿಗೆ ಸಾರಿ ಹೇಳು.”

ಹೇಳಿದೆ. ಅವರು ಇಲ್ಲಿನವರ ಹಾಗೆ ‘ಗ್ರ್ಯಾಂಡ್’, ಪರವಾಗಿಲ್ಲ ಅಂದು ಒಳಗೆ ಹೋದರು. ಮತ್ತೆ ಬೇಲಿಯ ಹತ್ತಿರ ಬರಲಿಲ್ಲ. ನೀನೂ ಲೆಕ್ಕ ಹೇಳುವುದನ್ನು ಬಿಟ್ಟೆ. ಮಕ್ಕಳಿಗೆ ಯಾವ ಹುಚ್ಚೂ ಬಹಳ ದಿನ ಇರುವುದಿಲ್ಲ ಎಂದು ನಿಮ್ಮಪ್ಪನ ಎದುರು ನಕ್ಕೆ — ನಾಚಿಕೆಗೆಟ್ಟವಳು.

ಭಯವಿತ್ತು, ವೈರಸ್ಸಿತ್ತು ಎಂದೆಲ್ಲ ಹೇಳಬಹುದು. ಹೇಳುವುದಿಲ್ಲ. ನಾಣ್ಯ ಕೆಡಿಸಿದ್ದು ತಿಳಿಯದೆ. ನಿನ್ನ ತಲೆಗೆ ಕಟ್ಟಿದ್ದು ತಿಳಿದೇ.

ನಿನ್ನೆ ಮಾರ್ತಾ ಅವರ ಬಾಗಿಲು ತಟ್ಟಿ ನಿಜ ಹೇಳಿದೆ. ಅವರು ನಾಣ್ಯದ ಮಾತೇ ಎತ್ತಲಿಲ್ಲ. ಇದನ್ನು ಮಗಳಿಗೆ ಹೇಳಿದ್ದೀಯಾ ಎಂದಷ್ಟೇ ಕೇಳಿದರು. ಇಲ್ಲ ಅಂದೆ. ಬಾಗಿಲು ಹಾಕಿಕೊಂಡರು.

ಸಂಜೆ ಹೇಳೋಣ, ನಾಳೆ ಹೇಳೋಣ ಎಂದು ಮತ್ತೆ ಹಿಂಜರಿಯುತ್ತಿದ್ದೆ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಕೈಯಿಂದ ಗಾಜಿನ ಲೋಟ ಜಾರಿ ಒಡೆಯಿತು. ನೀನು ಮಹಡಿಯ ಕೋಣೆಯಲ್ಲಿದ್ದೆ. ಸದ್ದು ಕೇಳಿದ್ದೇ ನೀನು ಅಲ್ಲಿಂದಲೇ ಕೂಗಿ ಹೇಳಿದೆ —

“ಸಾರಿ, ಮಾಮ್.”