ಸ್ಟಾಂಪ್ ಬೇಡದ ದೂರು

ಕೋರ್ಟಿನ ಕಿಟಕಿಯ ಮುಂದೆ ದೇಸಾಯಿ ಕಾಕಾ ನಿಂತರೆ ಬೀಗರ ಠೀವಿ. ಉಳಿದವರು ಸ್ಟಾಂಪಿಗಾಗಿ ಸರದಿಯಲ್ಲಿ ಬೆವರುತ್ತಿದ್ದರೆ ಇವರು ನೆಟ್ಟಗೆ ಬಂದು ದೂರನ್ನು ಒಳಗೆ ತಳ್ಳುತ್ತಿದ್ದರು. ಊರು ಧಾರವಾಡ, ಪುಣೆಯ ಪಾಲಿಕೆಯಲ್ಲಿ ಕಟ್ಟಡ ನಿರೀಕ್ಷಕರು. ಪಾಲಿಕೆಯ ನೌಕರ ಕೆಲಸದ ಮೇಲೆ ಕೊಡುವ ದೂರಿಗೆ ಕೋರ್ಟ್ ಶುಲ್ಕ ಮಾಫಿ. "ನಮಗ ಸ್ಟಾಂಪ್ ಇಲ್ರಿ ವಕೀಲ್ರ, ನಾವು ಸರಕಾರದ ಅಳಿಯಂದಿರು" ಎಂದು ಛೇಡಿಸುತ್ತಿದ್ದರು. ನಾನು ಪಾಲಿಕೆಯ ಪರ ವಾದಿಸುವ ಕಿರಿಯ ವಕೀಲೆ. ದಿನವಿಡೀ ಮರಾಠಿ ಮಾತಾಡಿ ದಣಿದ ನಾಲಿಗೆಗೆ ಅವರ ಹರಟೆಯೆಂದರೆ ಹಬ್ಬ.

ಪುಣೆಯದೇ ಕೊಂಢವಾ ಬಡಾವಣೆಯಲ್ಲಿ ಅವರ ತಂಗಿ ಶಾಂತಕ್ಕನ ಖಾನಾವಳಿ ಇತ್ತು. ಆಕೆ ಹಿಂದಿನ ಚರಂಡಿಯ ಮೇಲೆ ತಗಡು ಹೊದಿಸಿ ಅಡುಗೆಮನೆ ಬೆಳೆಸಿದ್ದರು. ಮಳೆಗಾಲದಲ್ಲಿ ನೆರೆಮನೆಗಳಿಗೆ ನೀರು ನುಗ್ಗಿತು. ಆ ಭಾಗದ ನಿರೀಕ್ಷಕರು ಕಾಕಾನೇ. ತೆಗೆಯವ್ವಾ ಎಂದು ಬೇಡಿಕೊಂಡರು, ನೋಟಿಸು ಅಂಟಿಸಿದರು, ಕೊನೆಗೆ ಬೇರೆ ದಾರಿಯಿಲ್ಲದೆ ದೂರು ಕೊಟ್ಟರು. ನಾಗರಪಂಚಮಿಗೆ ತಂಗಿಯನ್ನು ಕರೆಯಲು ಹೋದಾಗ ಆಕೆ ಹೊಸ್ತಿಲಲ್ಲೇ ತಡೆದರಂತೆ: "ಕೋರ್ಟಿಗೆ ಕರದೀಯಲ್ಲಾ, ಇನ್ನ ಮನಿಗ್ಯಾಕ ಕರೀತಿ?"

ಮರುದಿನ ಕಾಕಾ ನನ್ನ ಮೇಜಿನ ಮೇಲೆ ಸ್ಟಾಂಪ್ ಇಟ್ಟರು.

"ಇದನ್ನ ಹಚ್ಚರಿ. ಶುಲ್ಕ ಕಟ್ಟಿದ ಮ್ಯಾಲ ದೂರು ನಂದಾತಿಲ್ಲೋ? ನಾ ಹಿಂದ ತಗೋತೀನಿ."

ಇಷ್ಟು ವರ್ಷ ದೂರು ಕೊಟ್ಟ ಮನುಷ್ಯನಿಗೆ ನಿಯಮ ಗೊತ್ತಿಲ್ಲದ್ದಲ್ಲ; ನಾನು ಸ್ಟಾಂಪನ್ನು ಅವರತ್ತಲೇ ಸರಿಸಿದೆ.

"ಸ್ಟಾಂಪ್ ಹಚ್ಚಿದ್ರೂ ದೂರು ಪಾಲಿಕಿದಽ ಕಾಕಾ. ಅದನ್ನ ಬಿಡೋದು ಕಮಿಷನರ್ ಸಾಹೇಬರ ಕೈಯಾಗ ಅದ."

"ಅವರು ಬಿಡಂಗಿಲ್ಲ. ನನ್ನ ತಂಗಿ ಅಂತ ಎಲ್ಲಾರಿಗೂ ಗೊತ್ತಾಗ್ಯದ. ಸುಳ್ಳು ಹೇಳಿದ್ರ ನೌಕರಿ ಹೋಗ್ತದ, ಖರೇ ಹೇಳಿದ್ರ ತಂಗಿ ಹೋಗ್ತಾಳ. ನಾ ಎಲ್ಲಿ ಹೋಗಲ್ರೀ?"

ಅವರನ್ನು ಸಾಕ್ಷಿ ಕಟ್ಟೆಗೆ ಹತ್ತಿಸಬೇಕಾದವಳು ನಾನೇ.

ವಿಚಾರಣೆಯ ದಿನ, ಆರೋಪಿ ಯಾರೆಂದು ಬಲ್ಲಿರಾ ಎಂದು ಮರಾಠಿಯಲ್ಲಿ ಕೇಳಿದೆ. "ನನ್ನ ತಂಗಿ" ಎಂದರು, ಕನ್ನಡದಲ್ಲೇ. ನ್ಯಾಯಾಧೀಶರಿಗೆ ಅರ್ಥವಾಗದ ಕಾರಣ ನಾನು ಮರಾಠಿಗೆ ತಿರುಗಿಸಿದೆ. ಆಮೇಲೆ ತಗಡು, ಚರಂಡಿ, ನೋಟಿಸು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಶಾಂತಕ್ಕ ತಲೆ ಎತ್ತಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಆಕೆ ನನ್ನ ಕೈಗೆ ಊಟದ ಡಬ್ಬಿ ತುರುಕಿದರು. "ಅಣ್ಣಗ ಸಕ್ಕರಿ ಬ್ಯಾನಿ ಅದ, ಹಸಗೊಂಡ ಇರಬಾರದು. ನಾ ಕೊಟ್ಟೆ ಅಂತ ಹೇಳಬ್ಯಾಡ್ರಿ."

ನಾನು ಓಡಿ ಹೋಗುವಷ್ಟರಲ್ಲಿ ಕಾಕಾ ಹೊರಟುಹೋಗಿದ್ದರು. ಮರುವಾರದಿಂದ ರಜೆ ಹಾಕಿದರು, ಮತ್ತೆ ಕೋರ್ಟಿನ ಕಡೆ ಸುಳಿಯಲಿಲ್ಲ. ಡಬ್ಬಿಯನ್ನು ತೊಳೆದಿಟ್ಟಿದ್ದೇನೆ. ಅಣ್ಣ ಉಣ್ಣಲಿಲ್ಲವೆಂದು ಹೇಳಿ ಅದನ್ನು ಶಾಂತಕ್ಕನಿಗೆ ಮರಳಿಸುವ ಧೈರ್ಯ ನನಗಿನ್ನೂ ಬಂದಿಲ್ಲ.